ಪೀಠದಿಂದ ಲೋಕಸಭೆಗೆ: ಕೆ.ಎಸ್. ಹೆಗ್ಡೆಯವರ ದಾರಿ ಬೇರೆಯೇ?

ಕೋಲಾರದ ಕಿರಿಯ ವಕೀಲ

ಶನಿವಾರ ವಕೀಲರ ಸಂಘದ ಕೊಠಡಿಯಲ್ಲಿ ಚಹಾದ ಜೊತೆ ಆರಂಭವಾದ ಜಗಳ ಇನ್ನೂ ನನ್ನ ತಲೆಯಲ್ಲಿ ಕುದಿಯುತ್ತಿದೆ. ನ್ಯಾಯಾಧೀಶರಾಗಿದ್ದವರು ಚುನಾವಣೆಗೆ ನಿಲ್ಲಬಹುದೇ ಎಂಬುದು ಮಾತು. ನನ್ನ ಸೀನಿಯರ್ ಒಂದೇ ಏಟಿಗೆ ಮುಗಿಸಿದರು: "ಪೀಠದ ಮೇಲೆ ಕುಳಿತವನು ಬೀದಿಯಲ್ಲಿ ನಿಂತು ಮತಕ್ಕಾಗಿ ಕೈಮುಗಿಯಬಾರದು." ಹಾಗಾದರೆ ನಮ್ಮ ಕೆ.ಎಸ್. ಹೆಗ್ಡೆಯವರು ಎಂದೆ. "ಅವರದು ಬೇರೆ" ಎಂದರು. ಏಕೆ ಬೇರೆ ಎಂದು ಕೇಳುವಷ್ಟರಲ್ಲಿ ಕಕ್ಷಿದಾರ ಬಂದಿದ್ದಾನೆಂದು ಎದ್ದು ಹೋದರು. ವಾಯಿದೆ ಪಡೆಯುವುದರಲ್ಲಿ ಅವರದು ಮೂವತ್ತು ವರ್ಷಗಳ ಅನುಭವ.

ತಿಳಿಯದವರಿಗಾಗಿ ಅವರ ದಾರಿಯನ್ನು ಹೇಳುತ್ತೇನೆ. ಕೌಡೂರು ಸದಾನಂದ ಹೆಗ್ಡೆ ಹುಟ್ಟಿದ್ದು 1909ರಲ್ಲಿ, ಕಾರ್ಕಳ ಸೀಮೆಯಲ್ಲಿ. ವಕೀಲರಾದರು, ಸರ್ಕಾರಿ ಅಭಿಯೋಜಕರಾದರು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ, 1966ರಲ್ಲಿ ದೆಹಲಿ ಹೈಕೋರ್ಟ್ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ, 1967ರಲ್ಲಿ ಸುಪ್ರೀಂ ಕೋರ್ಟ್. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂತು. ಹದಿಮೂರು ನ್ಯಾಯಮೂರ್ತಿಗಳ ಪೀಠದಲ್ಲಿ ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದ ಏಳು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ಅದರ ಬೆನ್ನಿಗೇ ಇಂದಿರಾ ಗಾಂಧಿಯವರ ಸರ್ಕಾರ, ಸೇವೆಯಲ್ಲಿ ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿತು. ಮೂವರೂ ರಾಜೀನಾಮೆ ಕೊಟ್ಟರು. 1977ರಲ್ಲಿ ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಗೆದ್ದು, ಅದೇ ವರ್ಷ ಜುಲೈನಲ್ಲಿ ಲೋಕಸಭಾಧ್ಯಕ್ಷರಾದರು.

ನನ್ನ ಪ್ರಶ್ನೆ ಇಷ್ಟೇ. ಇದು ಅನ್ಯಾಯಕ್ಕೆ ಒಳಗಾದವರು ಜನರ ಬಳಿಗೆ ಹೋದ ಕಥೆಯೇ, ಅಥವಾ ಪೀಠದ ಗೌರವವನ್ನು ಮತಕ್ಕೆ ಒಡ್ಡಿದ ಕಥೆಯೇ?

ನಿವೃತ್ತ ಶಿರಸ್ತೇದಾರ, ಚಿಂತಾಮಣಿ

ವಕೀಲರೇ, ನಿಮ್ಮ ಪಟ್ಟಿಯಲ್ಲಿ ಒಂದು ಪುಟ ಕಾಣೆಯಾಗಿದೆ. ಕಡತ ನೋಡಿ ನೋಡಿ ಸವೆದ ಕಣ್ಣು ನನ್ನದು, ಪುಟಸಂಖ್ಯೆ ತಪ್ಪಿದರೆ ತಿಳಿಯುತ್ತದೆ. ಸರ್ಕಾರಿ ಅಭಿಯೋಜಕರಿಂದ ಒಮ್ಮೆಗೇ 1957ಕ್ಕೆ ಹಾರಿದ್ದೀರಿ. ನಡುವೆ, 1952ರಿಂದ 1957ರವರೆಗೆ ಅವರು ರಾಜ್ಯಸಭೆಯ ಸದಸ್ಯರು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು, ಮದ್ರಾಸಿನಿಂದಲೇ ಆಯ್ಕೆಯಾದರು, ಅದೂ ಕಾಂಗ್ರೆಸ್ಸಿನಿಂದ. ಸಂಸತ್ತಿನಿಂದ ಎದ್ದು ನೇರವಾಗಿ ಹೈಕೋರ್ಟಿನ ಪೀಠಕ್ಕೆ ಬಂದವರು ಅವರು. ನ್ಯಾಯಾಧೀಶರು ರಾಜಕಾರಣಿಯಾದರು ಎಂದು ಗಾಬರಿಯಾಗುವವರು, ರಾಜಕಾರಣಿ ನ್ಯಾಯಾಧೀಶರಾದಾಗ ಏಕೆ ಗಾಬರಿಯಾಗಲಿಲ್ಲ?

1977ರ ಚುನಾವಣೆ ನನಗೆ ಚೆನ್ನಾಗಿ ನೆನಪಿದೆ. ಆಗತಾನೇ ನಕಲು ಗುಮಾಸ್ತನಾಗಿ ಸೇರಿದ್ದೆ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿಹೋದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದಕ್ಕೇ ಬಂದವು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಾಂಗ್ರೆಸ್ಸಿನ ಹಸು-ಕರುವಿನ ಗುರುತಿಗೇ ಹೋದವು. ಜನತಾ ಪಕ್ಷದ ಕಡೆಗೆ ಬಂದದ್ದು ಎರಡೇ: ಹಾಸನ ಮತ್ತು ಬೆಂಗಳೂರು ದಕ್ಷಿಣ. ರೇಡಿಯೊ ಮುಂದೆ ಕುಳಿತಿದ್ದ ನಮ್ಮ ಕಚೇರಿಯ ಹಿರಿಯ ಗುಮಾಸ್ತರು, ಗಾಳಿಗೆ ಎದುರಾಗಿ ಜಡ್ಜ್ ಸಾಹೇಬರು ತೂರಿದರಲ್ಲ ಎಂದು ಬೆರಗಾದರು. ಆ ದಿನದ ಪತ್ರಿಕೆ ಈಗಲೂ ಅಟ್ಟದ ಮೇಲೆ ಕಟ್ಟಿನಲ್ಲಿದೆ.

ಕೋಲಾರದ ಕಿರಿಯ ವಕೀಲ

ತಪ್ಪಾಯಿತು ಸರ್. ಆ ಐದು ವರ್ಷ ನನ್ನ ಸೀನಿಯರಿಗೂ ನೆನಪಿಗೆ ಬಂದಿರಲಾರದು. ಸೋಮವಾರ ಅವರ ಮೇಜಿನ ಮೇಲೆ ಇಡುತ್ತೇನೆ.

ಬಟವಾಡಿಯ ಓದುಗ

ತುಮಕೂರಿನಿಂದ ಒಂದು ಒಗ್ಗರಣೆ. ನಾನು ವಕೀಲನಲ್ಲ, ಇತಿಹಾಸದ ಮೇಷ್ಟ್ರು. ಹೆಗ್ಡೆಯವರನ್ನು ಹೊಗಳುವುದು ಸುಲಭ, ಏಕೆಂದರೆ ಅವರು ಕಳೆದುಕೊಂಡು ಹೋದರು. ವಯಸ್ಸಿನ ಲೆಕ್ಕ ಹಾಕಿ ನೋಡಿ. ಜ್ಯೇಷ್ಠತೆಯಂತೆ ನಡೆದಿದ್ದರೆ 1973ರ ಜುಲೈನಲ್ಲಿ ಶೆಲತ್ ನಿವೃತ್ತರಾಗಿ, 1974ರ ಜೂನ್‌ವರೆಗೆ ಹೆಗ್ಡೆಯವರು ಮುಖ್ಯ ನ್ಯಾಯಮೂರ್ತಿಯಾಗಿರುತ್ತಿದ್ದರು. ಸುಮಾರು ಹನ್ನೊಂದು ತಿಂಗಳು. ಅದನ್ನು ಕಿತ್ತುಕೊಂಡವರ ವಿರುದ್ಧದ ಪಕ್ಷದಿಂದ ನಿಂತು ಗೆದ್ದರು. ಇದರಲ್ಲಿ ಸೇಡಿನ ವಾಸನೆ ಇಲ್ಲವೆಂದು ಹೇಗೆ ಹೇಳುವುದು? ಅದೂ ಅಲ್ಲದೆ, ರಾಯಬರೇಲಿ ಚುನಾವಣೆಯ ಪ್ರಕರಣದಲ್ಲಿ, ಅಲ್ಲಿ ಇಂದಿರಾ ಅವರೆದುರು ಸೋತಿದ್ದ ರಾಜ್ ನಾರಾಯಣ್ ಅವರಿಗೆ ತಮ್ಮ ಅರ್ಜಿಯನ್ನು ತಿದ್ದಿಕೊಳ್ಳಲು 1972ರಲ್ಲಿ ಅವಕಾಶ ಕೊಟ್ಟ ಸುಪ್ರೀಂ ಕೋರ್ಟಿನ ಪೀಠದಲ್ಲಿದ್ದು, ತೀರ್ಪು ಬರೆದವರೂ ಇದೇ ಹೆಗ್ಡೆ. ಮುಂದೆ 1975ರಲ್ಲಿ ಅಲಹಾಬಾದಿನಲ್ಲಿ ಇಂದಿರಾ ಗಾಂಧಿಯವರ ಆಯ್ಕೆ ರದ್ದಾದದ್ದು ಅದೇ ಅರ್ಜಿಯ ಮೇಲೆ. ಇಷ್ಟೆಲ್ಲ ಆದ ಮೇಲೆ ಅದೇ ವ್ಯಕ್ತಿ ಎದುರು ಪಕ್ಷದಲ್ಲಿ ಕಾಣಿಸಿಕೊಂಡರೆ, ಹಳೆಯ ತೀರ್ಪುಗಳನ್ನೂ ಜನ ಅನುಮಾನದಿಂದ ಓದುತ್ತಾರೆ. ನನ್ನ ತಕರಾರು ಅದು.

ಶ್ರೀನಿವಾಸಪುರದ ಮಾವಿನ ತೋಪು

ಮೇಷ್ಟ್ರೇ, ನಮ್ಮ ತಾತ ಹೂಡಿದ ವಿಭಾಗದ ದಾವಾ ನನ್ನ ಮಗನ ಕಾಲಕ್ಕೂ ಮುಗಿಯುವಂತಿಲ್ಲ. ಅಷ್ಟರಲ್ಲಿ ಎಷ್ಟು ನ್ಯಾಯಾಧೀಶರು ಬಂದು ಹೋದರೋ ಲೆಕ್ಕವಿಲ್ಲ. ಅವರಲ್ಲಿ ಯಾರಾದರೂ ಮತ ಕೇಳಲು ನಮ್ಮ ತೋಪಿಗೆ ಬಂದರೆ ನಾನು ಕೇಳುವುದು ಒಂದೇ: ಸ್ವಾಮಿ, ಆ ಕಡತ ಎಲ್ಲಿದೆ?

ಕಾನೂನು ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ನಕ್ಕು ಸಾಕಾಯಿತು ಅಣ್ಣ. ಆದರೆ ಮೇಷ್ಟ್ರ ಮಾತಿಗೆ ಉತ್ತರ ಕೊಡಲೇಬೇಕು.

ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಓದುತ್ತಿರುವುದರಿಂದ ಸಂವಿಧಾನ ಪಕ್ಕದಲ್ಲೇ ಇರುತ್ತದೆ. 124ನೇ ವಿಧಿಯ ಏಳನೆಯ ಖಂಡವನ್ನು ನೋಡಿ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು ಭಾರತದ ಯಾವ ನ್ಯಾಯಾಲಯದಲ್ಲಿಯೂ, ಯಾವ ಪ್ರಾಧಿಕಾರದ ಮುಂದೆಯೂ ವಕಾಲತ್ತು ನಡೆಸುವಂತಿಲ್ಲ. ಹೈಕೋರ್ಟಿನವರಿಗೆ 220ನೇ ವಿಧಿಯಲ್ಲಿ ಒಂದು ಕಿಟಕಿ ಇದೆ. ಸುಪ್ರೀಂ ಕೋರ್ಟಿನಲ್ಲೋ ಬೇರೆ ರಾಜ್ಯದ ಹೈಕೋರ್ಟಿನಲ್ಲೋ ವಾದಿಸಬಹುದು. ಹೆಗ್ಡೆಯವರಿಗೆ ಆ ಕಿಟಕಿಯೂ ಇರಲಿಲ್ಲ. 63 ವರ್ಷದ ಮನುಷ್ಯ ರಾಜೀನಾಮೆ ಬರೆದ ಕ್ಷಣದಲ್ಲೇ ಕಪ್ಪು ಕೋಟನ್ನು ಶಾಶ್ವತವಾಗಿ ಗೂಟಕ್ಕೆ ನೇತುಹಾಕಿದಂತೆ. ಮೂವತ್ತಕ್ಕೂ ಹೆಚ್ಚು ವರ್ಷ ಕಲಿತ ವಿದ್ಯೆ ಬಾಯಿ ಮುಚ್ಚಿ ಕೂರಬೇಕೇ? ಮಾತನಾಡಲು ಅವರಿಗೆ ಉಳಿದಿದ್ದ ವೇದಿಕೆಗಳಲ್ಲಿ ಸಂಸತ್ತು ಒಂದು.

ಅಲ್ಲಿಯೂ ಪೂರ್ತಿ ಬಾಯಿ ಬಿಡುವಂತಿಲ್ಲ ಎನ್ನುವುದು ತಮಾಷೆ. 121ನೇ ವಿಧಿಯಂತೆ, ಪದಚ್ಯುತಿಯ ನಿರ್ಣಯ ಮುಂದಿದ್ದಾಗ ಹೊರತು, ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟ್ ನ್ಯಾಯಮೂರ್ತಿ ಕರ್ತವ್ಯದಲ್ಲಿ ನಡೆದುಕೊಂಡ ಬಗ್ಗೆ ಸದನದಲ್ಲಿ ಚರ್ಚಿಸುವಂತಿಲ್ಲ. ನ್ಯಾಯಾಂಗದ ಒಳಗನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಸದಸ್ಯನಿಗೇ ಈ ಬೇಲಿ ಹೆಚ್ಚು ಚುಚ್ಚುತ್ತದೆ.

ಬಟವಾಡಿಯ ಓದುಗ

ಒಪ್ಪಿದೆನಮ್ಮ, ಕೋಟಿನ ವಿಷಯ ನನಗೆ ಹೊಳೆದಿರಲಿಲ್ಲ. ಹಾಗಿದ್ದರೂ ಇತ್ತೀಚಿನವರನ್ನೂ ಇದೇ ಉದಾರತೆಯಿಂದ ನೋಡುತ್ತೀರಾ? ಮುಖ್ಯ ನ್ಯಾಯಮೂರ್ತಿಯಾಗಿದ್ದ ರಂಜನ್ ಗೊಗೊಯ್ ಅವರಿಗೂ ಇದೇ 124ನೇ ವಿಧಿ ಅನ್ವಯಿಸುತ್ತದೆಯಲ್ಲ.

ಕಾನೂನು ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ನಾನು ಎರಡು ವಿಷಯ ನೋಡುತ್ತೇನೆ: ನಡುವಿನ ಅಂತರ ಎಷ್ಟು, ಒಳಗೆ ಹೋದ ಬಾಗಿಲು ಯಾವುದು.

ಗೊಗೊಯ್ ಅವರು 2019ರ ನವೆಂಬರಿನಲ್ಲಿ ನಿವೃತ್ತರಾದರು, 2020ರ ಮಾರ್ಚಿನಲ್ಲಿ ರಾಜ್ಯಸಭೆಗೆ ನಾಮನಿರ್ದೇಶನವಾಯಿತು. ನಾಲ್ಕು ತಿಂಗಳು. ರಾಜ್ಯಸಭೆಯ ಆ ಹನ್ನೆರಡು ನಾಮನಿರ್ದೇಶನದ ಸ್ಥಾನಗಳಿಗೆ ಹೆಸರು ಹೋಗುವುದು ಸರ್ಕಾರದ ಸಲಹೆಯ ಮೇಲೆ, ಮತದಾರನಿಗೆ ಅಲ್ಲಿ ಕೆಲಸವಿಲ್ಲ. ನಾಲ್ಕು ತಿಂಗಳ ಹಿಂದೆ ಅದೇ ಸರ್ಕಾರ ಅವರ ಮುಂದೆ ಕಕ್ಷಿದಾರ. ಬಹರುಲ್ ಇಸ್ಲಾಂ ಇನ್ನೊಂದು ಮಾದರಿ: ಮೊದಲು ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು, ಆಮೇಲೆ ಹೈಕೋರ್ಟ್, ಸುಪ್ರೀಂ ಕೋರ್ಟ್, 1983ರ ಜನವರಿಯಲ್ಲಿ ರಾಜೀನಾಮೆ, ಅದೇ ವರ್ಷ ಮತ್ತೆ ಕಾಂಗ್ರೆಸ್ಸಿನಿಂದ ರಾಜ್ಯಸಭೆ. ಅಭಿಜಿತ್ ಗಂಗೋಪಾಧ್ಯಾಯ ಅವರು 2024ರ ಮಾರ್ಚ್ 5ರಂದು ಕಲ್ಕತ್ತಾ ಹೈಕೋರ್ಟಿಗೆ ರಾಜೀನಾಮೆ ಕೊಟ್ಟು, ಎರಡೇ ದಿನದಲ್ಲಿ ಬಿಜೆಪಿ ಸೇರಿ, ತಮ್ಲುಕ್ ಕ್ಷೇತ್ರದಿಂದ ಗೆದ್ದರು. ಬಾಗಿಲು ಸರಿಯಾಗಿದೆ, ಜನರೇ ತೆರೆದದ್ದು. ಆದರೆ ಎರಡು ದಿನ! ನಮ್ಮ ಊರಿನಲ್ಲಿ ಬಾಡಿಗೆ ಮನೆ ಬದಲಿಸಲು ಇದಕ್ಕಿಂತ ಹೆಚ್ಚು ಸಮಯ ಬೇಕು.

ಹೆಗ್ಡೆಯವರದು ನಾಲ್ಕು ವರ್ಷದ ಅಂತರ, ಜನರ ಬಾಗಿಲು. ನಮ್ಮ ರಾಜ್ಯದವರೇ ಆದ ಎಂ. ರಾಮಾ ಜೋಯಿಸ್ ಅವರ ಅಂತರ ಇನ್ನೂ ದೊಡ್ಡದು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ 1992ರಲ್ಲಿ ಹೊರಬಂದು, ನಡುವೆ ಜಾರ್ಖಂಡ್, ಬಿಹಾರಗಳ ರಾಜ್ಯಪಾಲರಾಗಿ, ರಾಜ್ಯಸಭೆಗೆ ಹೋದದ್ದು 2008ರಲ್ಲಿ. ವಕೀಲರಾಗಿದ್ದಾಗ ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು, ಅವರ ಒಲವು ಯಾವ ಕಡೆ ಎಂಬುದು ಮೊದಲೇ ಎಲ್ಲರಿಗೂ ತಿಳಿದಿತ್ತು.

ಕ್ಯಾಸಂಬಳ್ಳಿಯವನು

ಎಲ್ಲರೂ ಕಾರ್ಕಳ, ಕಲ್ಕತ್ತಾ ಸುತ್ತಿದ್ದೀರಿ. ನಮ್ಮ ಊರಿನವರೇ ಆದ ಕೆ. ಚೆಂಗಲರಾಯ ರೆಡ್ಡಿಯವರ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ! ವಕೀಲರು, ಸಂವಿಧಾನ ರಚನಾ ಸಭೆಯ ಸದಸ್ಯರು, 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿ, ಆಮೇಲೆ ಕೇಂದ್ರ ಸಚಿವರು, 1957ರಲ್ಲಿ ಕೋಲಾರದ ಸಂಸದರು. ಪೀಠದ ಹಂಗೇ ಇಲ್ಲದೆ ವಕೀಲರೊಬ್ಬರು ದೆಹಲಿ ತಲುಪಿದ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ.

ವೇದಿಕೆಯ ನಿರ್ವಾಹಕರು

ರೆಡ್ಡಿಯವರ ಬಗ್ಗೆ ಬೇರೆಯೇ ಚರ್ಚೆ ತೆರೆಯೋಣ, ದಯವಿಟ್ಟು ಇಲ್ಲಿ ವಿಷಯಕ್ಕೆ ಅಂಟಿಕೊಳ್ಳಿ.

ಕ್ಯಾಸಂಬಳ್ಳಿಯವನು

ತೆರೆಯುತ್ತೀರಿ, ಮೂರು ಜನ ಬರುತ್ತಾರೆ. ಇರಲಿ.

ಕೋಲಾರದ ಕಿರಿಯ ವಕೀಲ

ಅಂತರ ಮತ್ತು ಬಾಗಿಲಿನ ಅಳತೆ ಚೆನ್ನಾಗಿದೆ. ಆದರೆ ನಿನ್ನೆ ರಾತ್ರಿ ಓದುತ್ತಾ ಹೋದಂತೆ ನನಗೆ ಬೇರೊಂದು ಕಡೆ ಕಾಲು ಸಿಕ್ಕಿಹಾಕಿಕೊಂಡಿತು. ಅವರು ಗೆದ್ದ ಮೇಲೆ ಏನಾಯಿತು ಎಂಬುದರ ಬಗ್ಗೆ.

1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಉಪಚುನಾವಣೆ. ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಗಾಂಧಿ ಲೋಕಸಭೆಗೆ ಬಂದರು. ಅಷ್ಟರಲ್ಲಿ ಅವರ ಮೇಲೆ ಹಕ್ಕುಚ್ಯುತಿಯ ವಿಚಾರಣೆ ನಡೆದಿತ್ತು. ಅವರು ಪ್ರಧಾನಿಯಾಗಿದ್ದಾಗ, ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿಯ ಬಗ್ಗೆ ಸದನದಲ್ಲಿ ಕೇಳಿದ್ದ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ತೊಂದರೆ ಕೊಟ್ಟರು ಎಂಬುದು ಆರೋಪ. ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳುಹಿಸಲು ತೀರ್ಮಾನಿಸಿತು. ತಿಹಾರಕ್ಕೆ ಹೋದರು. ಆಗ ಲೋಕಸಭಾಧ್ಯಕ್ಷರು ಯಾರು? ಕೆ.ಎಸ್. ಹೆಗ್ಡೆ.

ಈಗ ನಮ್ಮ ತಾಲ್ಲೂಕು ಕೋರ್ಟಿನ ಪದ್ಧತಿಗೆ ಬನ್ನಿ. ನ್ಯಾಯಾಧೀಶರು ಹಿಂದೆ ವಕೀಲರಾಗಿದ್ದಾಗ ಒಬ್ಬ ಕಕ್ಷಿದಾರನಿಗೆ ವಕಾಲತ್ತು ಹಾಕಿದ್ದರೆ ಸಾಕು, ಆ ಕಡತವನ್ನು ಅವರು ಮುಟ್ಟುವುದಿಲ್ಲ, ಜಿಲ್ಲಾ ನ್ಯಾಯಾಧೀಶರು ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸುತ್ತಾರೆ. ಎರಡೂ ಕಡೆಯವರು ಬೇಡವೆಂದರೂ ಕೆಲವರು ಹಿಂದೆ ಸರಿಯುತ್ತಾರೆ. ಇಲ್ಲಿ ತನ್ನ ಮುಖ್ಯ ನ್ಯಾಯಮೂರ್ತಿ ಸ್ಥಾನವನ್ನು ತಪ್ಪಿಸಿದ ಸರ್ಕಾರದ ಮುಖ್ಯಸ್ಥೆಯೇ ಎದುರಿಗಿದ್ದಾರೆ. ಹದಿನಾರು ವರ್ಷ ಪೀಠದ ಶಿಸ್ತಿನಲ್ಲಿ ಬೆಳೆದವರು ಆ ದಿನಗಳಲ್ಲಿ ಉಪಾಧ್ಯಕ್ಷರಿಗೆ ಕುರ್ಚಿ ಬಿಟ್ಟುಕೊಡಬೇಕಿತ್ತಲ್ಲವೇ? ಚುನಾವಣೆಗೆ ನಿಂತದ್ದನ್ನು ನಾನು ಒಪ್ಪುತ್ತೇನೆ. ಇದನ್ನು ಒಪ್ಪುವುದು ಕಷ್ಟವಾಗುತ್ತಿದೆ.

ಬಟವಾಡಿಯ ಓದುಗ

ಇದನ್ನೇ ನಾನು ಮೂರು ದಿನದಿಂದ ಹೇಳುತ್ತಿರುವುದು! ನನಗೆ ಹೇಳಲು ಬರಲಿಲ್ಲ, ನಿಮಗೆ ಬಂತು.

ನಿವೃತ್ತ ಶಿರಸ್ತೇದಾರ, ಚಿಂತಾಮಣಿ

ನಿಧಾನ, ನಿಧಾನ. ಉಪಮೆ ಸೊಗಸಾಗಿದೆ, ಆದರೆ ಅಳತೆ ತಪ್ಪಿದೆ.

ನ್ಯಾಯಾಲಯದಲ್ಲಿ ತೀರ್ಮಾನ ಮಾಡುವವರು ಪೀಠದ ಮೇಲಿರುತ್ತಾರೆ. ಲೋಕಸಭೆಯಲ್ಲಿ ತೀರ್ಮಾನ ಮಾಡುವವರು ಕೆಳಗಿನ ಆಸನಗಳಲ್ಲಿರುತ್ತಾರೆ. ಮತಗಳು ಸಮನಾದರೆ ಮಾತ್ರ ಅಧ್ಯಕ್ಷರು ಮತ ಹಾಕಬೇಕು, 100ನೇ ವಿಧಿ. ಅಂದು ನಿರ್ಣಯ ಮಂಡಿಸಿದವರು ಪ್ರಧಾನಿ ಮೊರಾರ್ಜಿ ದೇಸಾಯಿ. ವಿಚಾರಣೆ ನಡೆಸಿದ್ದು ಹಕ್ಕುಬಾಧ್ಯತಾ ಸಮಿತಿ. ಬಹುಮತ ಸದನದ್ದು. ಅಧ್ಯಕ್ಷರು ಅಲ್ಲಿ ನ್ಯಾಯಾಧೀಶರಿಗಿಂತ ನಮ್ಮಂಥ ಶಿರಸ್ತೇದಾರರಿಗೇ ಹತ್ತಿರ ಎಂದರೆ ಹೆಗ್ಡೆಯವರು ನನ್ನನ್ನು ಕ್ಷಮಿಸಬೇಕು! ಆದೇಶವಾಯಿತು, ವಾರಂಟ್ ಸಿದ್ಧಪಡಿಸಿದೆವು, ಮೊಹರು ಹಾಕಿದೆವು. ನನ್ನ ಸೇವೆಯಲ್ಲಿ ಪರಿಚಿತರ ಮೇಲಿನ ವಾರಂಟನ್ನೂ ಬರೆದಿದ್ದೇನೆ. ಕೈ ನಡುಗಿತು, ಆದರೆ ಬರೆಯುವುದಿಲ್ಲ ಎನ್ನಲು ನಾನು ಯಾರು?

ಇನ್ನು ಪಕ್ಷದ ವಾಸನೆಯ ಮಾತು. ವಿ.ಆರ್. ಕೃಷ್ಣ ಅಯ್ಯರ್ ಕೇರಳದ ಮೊದಲ ಕಮ್ಯುನಿಸ್ಟ್ ಮಂತ್ರಿಮಂಡಲದಲ್ಲಿ ಸಚಿವರಾಗಿದ್ದವರು. 1975ರ ಜೂನ್ 24ರಂದು, ಸುಪ್ರೀಂ ಕೋರ್ಟಿನ ರಜಾಕಾಲದ ನ್ಯಾಯಮೂರ್ತಿಯಾಗಿ ಇಂದಿರಾ ಅವರ ಮೇಲ್ಮನವಿಯಲ್ಲಿ ಷರತ್ತಿನ ತಡೆಯಾಜ್ಞೆ ಕೊಟ್ಟರು. ಪ್ರಧಾನಿಯಾಗಿ ಮುಂದುವರಿಯಬಹುದು, ಸಂಸದರಾಗಿ ಮತ ಹಾಕುವಂತಿಲ್ಲ. ಅದರಲ್ಲಿ ಕಮ್ಯುನಿಸ್ಟ್ ಎಲ್ಲಿದ್ದ, ಕಾಂಗ್ರೆಸ್ಸಿಗ ಎಲ್ಲಿದ್ದ? ಹಳೆಯ ಅಂಗಿ ಕಳಚಿ ಬರುವ ಮನುಷ್ಯರೂ ಇರುತ್ತಾರೆ.

ಕಾನೂನು ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಶಿರಸ್ತೇದಾರರೇ, ಕೃಷ್ಣ ಅಯ್ಯರ್ ಉದಾಹರಣೆ ಪೀಠಕ್ಕೆ ಬಂದ ಮೇಲಿನದು. ವಕೀಲರು ಕೇಳುತ್ತಿರುವುದು ಪೀಠದಿಂದ ಹೋದ ಮೇಲಿನದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿಬಿಟ್ಟಿರಿ.

ಒಂದು ಸಂಗತಿಯಂತೂ ಉಳಿಯುತ್ತದೆ. ಅದೇ ಉಚ್ಚಾಟನೆಯ ನಿರ್ಣಯವನ್ನು 1981ರ ಮೇ ತಿಂಗಳಿನಲ್ಲಿ ಮುಂದಿನ ಲೋಕಸಭೆ ರದ್ದುಪಡಿಸಿತು. ಆಗ ಬಹುಮತ ಇಂದಿರಾ ಅವರದು. ತೀರ್ಪನ್ನು ಮುಂದಿನ ಪೀಠ ಬದಲಿಸುವಾಗ ಕಾರಣ ಬರೆಯಬೇಕು, ಸದನಕ್ಕೆ ಕೈ ಎತ್ತಿದರೆ ಸಾಕು. ಪೀಠದಲ್ಲಿದ್ದವರಿಗೆ ಸಂಸತ್ತಿನಲ್ಲಿ ಒಗ್ಗಿಕೊಳ್ಳಲು ಅತ್ಯಂತ ಕಷ್ಟವಾಗುವುದು ಇದೇ ಇರಬೇಕು.

ಕೋಲಾರದ ಕಿರಿಯ ವಕೀಲ

ಶಿರಸ್ತೇದಾರ್ ಸರ್, ನಿಮ್ಮ ವಾರಂಟಿನ ಮಾತು ಮನಸ್ಸಿಗೆ ನಾಟಿತು. ಆದರೂ ಒಂದು ವ್ಯತ್ಯಾಸ ಹೇಳಲೇ? ನಿಮಗೆ ಕುರ್ಚಿ ಬಿಟ್ಟು ಏಳುವ ಅಧಿಕಾರ ಇರಲಿಲ್ಲ. ಅವರಿಗಿತ್ತು.

ನಿವೃತ್ತ ಶಿರಸ್ತೇದಾರ, ಚಿಂತಾಮಣಿ

ಎದ್ದಿದ್ದರೆ ಹೆಗ್ಡೆಯವರು ಅಂಜಿದರು ಎಂದು ಜನತಾ ಪಕ್ಷದವರು ಹೇಳುತ್ತಿದ್ದರು, ಕೂತದ್ದಕ್ಕೆ ನೀವು ಸೇಡು ಎನ್ನುತ್ತಿದ್ದೀರಿ. ಅತ್ತ ದರಿ, ಇತ್ತ ಪುಲಿ.

ಆದರೆ ನೀವು ಹೇಳಿದ್ದರಲ್ಲಿ ಒಂದು ಕಾಳು ಇದೆ ಎಂದು ಒಪ್ಪುತ್ತೇನೆ. ನನಗೆ ಬೇಸರವಾದದ್ದು ಬೇರೆ ಕಡೆ. ಲೋಕಸಭೆ 1979ರ ಆಗಸ್ಟಿನಲ್ಲಿ ವಿಸರ್ಜನೆಯಾದ ಮೇಲೂ, ಸಂವಿಧಾನದ ಪ್ರಕಾರ ಹೊಸ ಸದನ ಸೇರುವವರೆಗೆ ಅಂದರೆ 1980ರ ಜನವರಿವರೆಗೆ ಅವರೇ ಅಧ್ಯಕ್ಷರು. ಆಮೇಲೆ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರಾದರು. ಸುಪ್ರೀಂ ಕೋರ್ಟಿನ ಪೀಠ, ಲೋಕಸಭೆಯ ಪೀಠ ಎರಡನ್ನೂ ಕಂಡವರಿಗೆ ಪಕ್ಷದ ಕಚೇರಿಯ ಕುರ್ಚಿ ಏಕೆ ಬೇಕಿತ್ತು ಎಂದು ನನಗೆ ಈಗಲೂ ತಿಳಿಯುವುದಿಲ್ಲ. ನಿಟ್ಟೆಯಲ್ಲಿ 1979ರಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದ್ದರಲ್ಲ, ಅಲ್ಲಿಯೇ ಕೂರಬಹುದಿತ್ತು. ಇದು ಅಭಿಮಾನಿಯ ದೂರು, ವಿರೋಧಿಯದಲ್ಲ.

ಶ್ರೀನಿವಾಸಪುರದ ಮಾವಿನ ತೋಪು

ಹೊರಗಿನವನಾಗಿ ಒಂದು ಪ್ರಶ್ನೆ. ನ್ಯಾಯಾಧೀಶರಿಗೆ ಇಷ್ಟೆಲ್ಲ ಕಟ್ಟುಪಾಡು ಹೇಳುತ್ತೀರಿ. ವಕೀಲರು ಸಂಸದರಾದರೆ ಕೋಟು ಕಳಚಬೇಕೋ ಬೇಡವೋ?

ಕಾನೂನು ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಬೇಡ ಅಣ್ಣ. ಸಂಸದರು, ಶಾಸಕರು ಪೂರ್ಣಾವಧಿಯ ಸಂಬಳದ ನೌಕರರಲ್ಲ, ವಕೀಲಿ ಮುಂದುವರಿಸಬಹುದು ಎಂದು 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೆಳಿಗ್ಗೆ ಕಾಯ್ದೆಗೆ ಮತ ಹಾಕಿ, ಮಧ್ಯಾಹ್ನ ಅದೇ ಕಾಯ್ದೆಯ ಮೇಲೆ ವಾದ ಮಾಡಬಹುದು.

ಶ್ರೀನಿವಾಸಪುರದ ಮಾವಿನ ತೋಪು

ಹಾಗಾದರೆ ವಕೀಲರ ಸಂಘದವರು ಜಡ್ಜುಗಳ ಮೇಲೆ ಮಾತ್ರ ಏಕೆ ಜಗಳವಾಡುತ್ತಾರೆ ಎಂಬುದು ಗೊತ್ತಾಯಿತು.

ಕೋಲಾರದ ಕಿರಿಯ ವಕೀಲ

ಈ ಏಟನ್ನು ಮೌನವಾಗಿ ಸ್ವೀಕರಿಸುತ್ತೇನೆ.

ಸೀನಿಯರ್‌ಗೆ ಎಲ್ಲವನ್ನೂ ಓದಿ ಹೇಳಿದೆ. 1952ರ ಪುಟ ಬಂದಾಗ ಕನ್ನಡಕ ತೆಗೆದರು, ಡಿಸೆಂಬರ್ 1978 ಬಂದಾಗ ಮತ್ತೆ ಹಾಕಿಕೊಂಡರು. "ಆ ದಿನ ಕುರ್ಚಿ ಬಿಡಬೇಕಿತ್ತು ಎಂದು ಯಾರು ಬರೆದದ್ದು?" ಎಂದರು. ನಾನೇ ಎಂದೆ. "ಹಾಗಾದರೆ ನಿನಗೆ ಆ ಸದನದ ಕಾವು ಗೊತ್ತಿಲ್ಲ. ಅಂದಿನ ಪತ್ರಿಕೆ ಓದದೆ ಹಾಗೆ ಬರೆಯಬೇಡ" ಎಂದು ಕೈಗೆ ಒಂದು ತಡೆಯಾಜ್ಞೆ ಅರ್ಜಿ ಕೊಟ್ಟು ಟೈಪ್ ಮಾಡಲು ಹೇಳಿದರು. ಶಿರಸ್ತೇದಾರ್ ಸರ್, ನಿಮ್ಮ ಅಟ್ಟದ ಕಟ್ಟಿನಲ್ಲಿ ಆ ಡಿಸೆಂಬರಿನ ಪತ್ರಿಕೆಗಳೂ ಇವೆಯೇ? ಭಾನುವಾರ ಚಿಂತಾಮಣಿಗೆ ಬರಲು ಸಿದ್ಧನಿದ್ದೇನೆ.

ನಿವೃತ್ತ ಶಿರಸ್ತೇದಾರ, ಚಿಂತಾಮಣಿ

ನಿನ್ನೆಯೇ ಮೊಮ್ಮಗನನ್ನು ಹತ್ತಿಸಿ ಕಟ್ಟು ಇಳಿಸಿದೆ. 1977ರ ಮಾರ್ಚ್ ಮಡಿಕೆಯೂ ಮಾಸದೆ ಹಾಗೇ ಇದೆ. 1978ರ ಡಿಸೆಂಬರನ್ನು ಇಲಿ ತಿಂದಿದೆ. 19, 20ನೇ ತಾರೀಖಿನ ಕಡೆ ಬರೀ ಅಂಚು ಉಳಿದಿದೆ. ಆದರೂ ಬನ್ನಿ, ಹನ್ನೊಂದು ಗಂಟೆಯ ಮೇಲೆ ಬನ್ನಿ. ಮೇಷ್ಟ್ರೂ ತುಮಕೂರಿನಿಂದ ಬರುವುದಾದರೆ ಮೊದಲೇ ತಿಳಿಸಲಿ, ಮನೆಯಲ್ಲಿ ಅಡುಗೆಗೆ ಹೇಳಬೇಕು.